ಸಿಮ್ ಇಲ್ಲದ ಫೋನಿನಲ್ಲಿ ಆಯಿ

ನಾನು ನಿವೃತ್ತಳಾದ ಮೇಲೂ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, "ಸಿಸ್ಟರ್, ಕೆಲಸ ಹೆಂಗಿರತೈತ್ರಿ?" ಎಂದು ಕೇಳುತ್ತಾರೆ. ಕೇಳುವಾಗಲೂ ಒಂದು ಕಣ್ಣು ಮೊಬೈಲಿನ ಮೇಲೆ. ಯಾವುದನ್ನು ಒತ್ತಿದರೆ ಏನು ತೆರೆಯುತ್ತದೆ ಎಂದು ತರಬೇತಿಯಲ್ಲಿ ಅವರಿಗೆ ಕಲಿಸಿರುತ್ತಾರೆ. ಆ ಕಡೆಯಿಂದ ಏನೇನು ಬರುತ್ತದೆ ಎಂದು ಮಾತ್ರ ಯಾರೂ ಹೇಳಿರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ದೆವ್ವ ಭೂತ ನಂಬುವವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಂಬುವವಳಾಗಿದ್ದರೆ ಈ ಕೆಲಸದಲ್ಲಿ ಒಂದು ವರ್ಷವೂ ಉಳಿಯುತ್ತಿರಲಿಲ್ಲ.

ನಮ್ಮದು ಜೀಪಿನ ಕೆಲಸ. ಚಿಕ್ಕೋಡಿಯಿಂದ ಹೊರಟರೆ ಒಂದು ದಿನ ನಿಪ್ಪಾಣಿ, ಒಂದು ದಿನ ರಾಯಬಾಗ, ಮತ್ತೊಂದು ದಿನ ಅಥಣಿ, ಕಾಗವಾಡ. ಡಾಕ್ಟರು ಪರೀಕ್ಷೆ ಮಾಡಿ ಗುಳಿಗೆ ಬರೆದುಕೊಡುತ್ತಾರೆ. ರೋಗಿಯನ್ನು ಕೂಡಿಸಿಕೊಂಡು ಮಾತಾಡಿಸುವುದು, ಗುಳಿಗೆ ತಪ್ಪದಂತೆ ನೋಡಿಕೊಳ್ಳುವುದು ನನ್ನ ಪಾಲು. ಮೊದಲೆಲ್ಲ ಯಾರಾದರೂ ಬರುವುದು ಬಿಟ್ಟರೆ ಊರಿಗೇ ಹೋಗಿ ಹುಡುಕಬೇಕಿತ್ತು. ನಮ್ಮ ಜೀಪು ಒಂದು ಮನೆಯ ಮುಂದೆ ನಿಂತಿತೆಂದರೆ ಆ ಮನೆಯ ಹುಡುಗಿಗೆ ಗಂಡು ಸಿಗುವುದು ಕಷ್ಟವಾಗುತ್ತಿತ್ತು. ನನ್ನ ಮುಖ ಕಂಡು ಬಾಗಿಲು ಹಾಕಿಕೊಂಡವರು ಎಷ್ಟೋ ಮಂದಿ. ಹಾಗಾಗಿ ಮೊಬೈಲು ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನೇ.

ಹೊಸ ಪದ್ಧತಿ ತಂದವರು ನಮ್ಮ ಡಾಕ್ಟರ್ ಸಾಹೇಬರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ನಮ್ಮ ಮೇಲೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ರೋಗಿಯ ಮುಂದೆ ಮಾತ್ರ ಬೆಣ್ಣೆಯಂಥ ಮನುಷ್ಯ. ಅವರು ರೋಗಿಗಳ ಫೋನಿಗೆಲ್ಲ ಒಂದು ಆ್ಯಪ್ ಹಾಕಿಸಿದರು. ದಿನಾ ಬೆಳಿಗ್ಗೆ ಅದರಲ್ಲಿ ಸಾಲಾಗಿ ಮುಖಗಳು ಬರುತ್ತವೆ, ನಗುವ ಮುಖದಿಂದ ಅಳುವ ಮುಖದವರೆಗೆ. ಮನಸ್ಸು ಹೇಗಿದೆಯೋ ಆ ಮುಖ ಒತ್ತಬೇಕು. ಗುಳಿಗೆಯ ಹೊತ್ತಿಗೆ ಅದೇ ಗಂಟೆ ಬಾರಿಸುತ್ತದೆ. ಯಾರು ಏನು ಒತ್ತಿದರು ಎಂಬುದು ನನ್ನ ಫೋನಿನಲ್ಲಿ ಕಾಣುತ್ತದೆ. "ಸಿಸ್ಟರ್, ಇನ್ನ ಜೀಪಿನ ಡೀಸಲ್ ಉಳೀತು ನೋಡ್ರಿ," ಎಂದು ಸಾಹೇಬರು ಎದೆಯುಬ್ಬಿಸಿದರು.

ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಯಲ್ಲಿ ದುಡಿದು ಮನೆ ಹಿಡಿದಿದ್ದ ಹಿರಿಯರೊಬ್ಬರಿದ್ದರು. ಯಾವಾಗಲೂ ಅಳುವ ಮುಖವನ್ನೇ ಒತ್ತುತ್ತಿದ್ದರು. ಇದ್ದಕ್ಕಿದ್ದಂತೆ ಅವರಿಂದ ನಗುವ ಮುಖ ಬರತೊಡಗಿತು. ದಿನಾ ಬೆಳಿಗ್ಗೆ, ತಪ್ಪದೆ. ಸಾಹೇಬರು ಸಭೆಯಲ್ಲಿ ಅವರದೇ ಉದಾಹರಣೆ ಕೊಟ್ಟರು. ಮುಂದಿನ ಸಲ ನಿಪ್ಪಾಣಿಗೆ ಹೋದಾಗ, ನೋಡಿ ಬರೋಣವೆಂದು ಅವರ ಮನೆಗೆ ಹೋದೆ. ಗೋಡೆಯ ಮೇಲೆ ಅವರ ಫೋಟೋ, ಫೋಟೋಕ್ಕೆ ಹಾರ. ಎದೆನೋವು ಬಂದು ಹೋಗಿಬಿಟ್ಟಿದ್ದರು. ಹಾರದ ಹೂವು ಒಣಗಿ ಉದುರುವಷ್ಟು ದಿನವಾಗಿತ್ತು. ಅವತ್ತು ಬೆಳಿಗ್ಗೆಯೂ ಅವರ ನಗು ನನ್ನ ಫೋನಿಗೆ ಬಂದಿತ್ತು. ಫೋನು ತೆಗೆದು ಅವರ ಹೆಂಡತಿಗೆ ತೋರಿಸಿದೆ.

"ನಾನ ಒತ್ತತೀನ್ರಿ," ಎಂದರು ಅವರ ಹೆಂಡತಿ. "ಒಂದ ದಿನಾನೂ ತಪ್ಪಸಬ್ಯಾಡ್ರಿ ಅಂತ ನೀವ ಹೇಳಿದ್ರಲ್ರಿ? ಇದ್ದಾಗ ಅಳೂ ಮಾರೀನ ಒತ್ತತಿದ್ರು. ಈಗರೆ ಸುಖದಾಗ ಇರಬೇಕಲ್ರಿ ಅವ್ರು?"

ಅದನ್ನು ನಿಲ್ಲಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕೆಲವು ದಿನ ಕಳೆದು, ರೀಚಾರ್ಜ್ ಮುಗಿದಿರಬೇಕು, ನಗು ಬರುವುದು ನಿಂತಿತು. ಅವತ್ತು ನನಗೆ ಊಟ ಸೇರಲಿಲ್ಲ.

ಅಥಣಿಯದು ಬೇರೆ ಕತೆ. ಆ್ಯಪಿನಲ್ಲಿದ್ದ ಪುಸ್ತಕದ ಕನ್ನಡ ನಮ್ಮ ಕಡೆಯವರಿಗೆ ಹಿಡಿಸಲಿಲ್ಲ. "ದೀರ್ಘವಾಗಿ ಶ್ವಾಸವನ್ನು ಒಳಗೆಳೆದುಕೊಳ್ಳಿ" ಎಂದರೆ ಯಾರು ಎಳೆದುಕೊಳ್ಳುತ್ತಾರೆ? ಕೊನೆಗೆ ಸಾಹೇಬರು ನನ್ನ ದನಿಯನ್ನೇ ರೆಕಾರ್ಡ್ ಮಾಡಿಸಿದರು. "ಉಸರ ಒಳಗ ತಗೋರಿ, ಹಂಗ ಹಿಡೀರಿ, ಈಗ ಸಾವಕಾಶ ಬಿಡ್ರಿ." ಗಾಬರಿಯ ಕಾಯಿಲೆ ಇದ್ದವರು ಅದನ್ನು ಹಚ್ಚಿಕೊಂಡು ಕೂಡಬೇಕು. ಒಂದು ಸಂಜೆ ಅಥಣಿಯ ಓಣಿಯೊಂದರಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದಿದ್ದೆ. ಒಂದು ಕಿಟಕಿಯಿಂದ ನನ್ನ ದನಿ ಕೇಳಿಸಿತು. ನನ್ನ ದನಿ ಇಷ್ಟು ಗಡಸೇ ಎಂದುಕೊಂಡು ನಿಂತೆ. "ಉಸರ ಒಳಗ ತಗೋರಿ, ಹಂಗ ಹಿಡೀರಿ..." ಅಷ್ಟಕ್ಕೇ ನಿಂತುಬಿಟ್ಟಿತು. ಬ್ಯಾಟರಿ ಮುಗಿದಿರಬೇಕು. ಒಳಗೆ ಸದ್ದಿಲ್ಲ. ಯಾರೋ ಒಬ್ಬರು ಉಸಿರು ಹಿಡಿದುಕೊಂಡು ನನ್ನ ಮುಂದಿನ ಮಾತಿಗೆ ಕಾಯುತ್ತಿದ್ದಾರೆ ಎನ್ನಿಸಿತು. ಓಣಿಯಲ್ಲೇ ನಿಂತು ಜೋರಾಗಿ "ಬಿಡ್ರಿ" ಎಂದೆ. ಕಿಟಕಿಯ ಆಚೆ ಯಾರೋ ಉದ್ದಕ್ಕೆ ಉಸಿರು ಬಿಟ್ಟ ಸದ್ದಾಯಿತು. ನಾನು ಹಿಂದಿರುಗಿ ನೋಡದೆ ಬಸ್ಸು ಹತ್ತಿದೆ.

ಇವೆಲ್ಲ ಈಗ ಹೇಳಿಕೊಂಡು ನಗಬಹುದು. ಸುರೇಖಾಳ ವಿಷಯದಲ್ಲಿ ನನಗೆ ಇವತ್ತಿಗೂ ನಗು ಬರುವುದಿಲ್ಲ.

ಸುರೇಖಾಳ ತವರು ರಾಯಬಾಗದ ಕಡೆ, ಕೊಟ್ಟದ್ದು ಶಿರಗುಪ್ಪಿಯಲ್ಲಿ ನದಿಯ ಹತ್ತಿರದ ಒಂದು ಕಬ್ಬಿನ ತೋಟದ ಮನೆಗೆ. ಗಂಡ ಬಾಳಾಸಾಹೇಬ ದುಡಿಮೆಗಾರ, ಕುಡಿತವಿಲ್ಲ, ಹೊಡೆತವಿಲ್ಲ. ಒಬ್ಬಳೇ ಮಗಳು ಶ್ರಾವಣಿ, ಆಗಷ್ಟೇ ಶಾಲೆ ಸೇರಿದ್ದಳು. ಅತ್ತೆಯನ್ನು ಮನೆಯವರೆಲ್ಲ ಆಯಿ ಎನ್ನುತ್ತಿದ್ದರು. ಆಯಿ ವಯಸ್ಸಾಗಿ ತೀರಿಕೊಂಡ ಕೆಲವು ತಿಂಗಳಿಗೆ ಸುರೇಖಾಳಿಗೆ ಅವಳ ದನಿ ಕೇಳಿಸತೊಡಗಿತು. ಒಲೆಯ ಮುಂದೆ, ಹಿತ್ತಲಲ್ಲಿ, ಕೊನೆಗೆ ಬಸ್ಸಿನಲ್ಲೂ. ದನಿ ಬಂದರೆ ಇವಳು ಉತ್ತರ ಕೊಡದೆ ಇರಲಾರಳು. ತವರಿಗೆ ಬರುವಾಗ ಬಸ್ಸಿನಲ್ಲಿ ಹೀಗೆ ಮಾತಾಡಿದ್ದಕ್ಕೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರಂತೆ. ಅವಳ ಅಣ್ಣ ರಾಯಬಾಗದಲ್ಲಿ ನಮ್ಮ ಹತ್ತಿರ ಕರೆತಂದ. ಗಂಡನ ಮನೆಯಲ್ಲಿ ತಲೆನೋವಿನ ಔಷಧಿ ಎಂದು ಹೇಳಿದ್ದರು.

"ಖರೇ ಗೊತ್ತಾತಂದ್ರ ನನ್ನ ತವರಿಗೆ ಅಟ್ಟತಾರ್ರಿ," ಎಂದಳು ಸುರೇಖಾ. "ಹುಡಿಗೀನ ಅಲ್ಲೇ ಇಟ್ಕೋತಾರ. ಶ್ರಾವಣೀನ ಬಿಟ್ಟ ನಾ ಇರೂದಿಲ್ರಿ, ಸಿಸ್ಟರ್."

ಡಾಕ್ಟರ್ ಸಾಹೇಬರು ಗುಳಿಗೆ ಕೊಟ್ಟರು. ಜೊತೆಗೆ ನನ್ನಿಂದ ಒಂದು ಉಪಾಯವನ್ನೂ ಹೇಳಿಸಿದರು. ಅದು ಈ ಕೆಲಸದಲ್ಲಿ ಹಲವರು ಹೇಳಿಕೊಡುವ ಉಪಾಯವೇ. ನಾನು ಅವಳಿಗೆ ಅಂದೆ, "ದನಿ ಬಂತಂದ್ರ ಫೋನ್ ಕಿವಿಗೆ ಹಚ್ಕೊ ತಂಗಿ. ಮಂದಿ, ಯಾರ ಕೂಡರೆ ಫೋನಿನ್ಯಾಗ ಮಾತಾಡಾಕತ್ತಾಳ ಅಂದ್ಕೋತಾರ. ಇನ್ನೊಂದೇನಂದ್ರ, ಫೋನ್ ಅಂದಮ್ಯಾಲೆ ಇಡಾಕ ಬರತೈತಿ. ‘ಕೆಲಸ ಐತ್ರಿ ಆಯಿ, ಇಡತೀನಿ’ ಅನ್ನು, ಇಟ್ಟಬಿಡು."

ಅವಳು ಅವತ್ತು ಮೊದಲ ಸಲ ನಕ್ಕಳು. "ಇದ್ದಾಗ ಆಯೀ ಮಾತ ನಡಬರಕ ಕಡಿಯೂ ಧೈರ್ಯ ಯಾರಿಗಿತ್ರಿ?"

ಉಪಾಯ ಫಲಿಸಿತು. ಗುಳಿಗೆಯೂ ಹತ್ತಿತು. ಮುಖಗಳ ಸಾಲಿನಲ್ಲಿ ಅವಳು ಅಳುವುದರಿಂದ ನಡುವಿನ ಮುಖಕ್ಕೆ ಬಂದಳು. ಕಾಗವಾಡಕ್ಕೆ ಹೋದ ದಿನ, ಬಿ.ಪಿ. ನೋಡುವ ನೆಪದಲ್ಲಿ ನಾನು ಆ ತೋಟಕ್ಕೆ ಹೋಗುತ್ತಿದ್ದೆ. ಕಬ್ಬು ಆಳೆತ್ತರಕ್ಕಿಂತ ಮೇಲೆ ಬೆಳೆದಿತ್ತು. ಒಂದು ಸಲ ನಡುಹಾದಿಯಲ್ಲಿ ಅವಳ ದನಿ ಕೇಳಿಸಿತು, ಆಳು ಕಾಣಲಿಲ್ಲ. "ಹೂಂ... ಹೂಂ... ಇಲ್ರಿ ಆಯಿ, ಉಪ್ಪಿನಕಾಯಿ ಬರಣಿ ಬಿಸಲಿಗೆ ಇಟ್ಟೀನಿ... ಹೂಂ." ನಡುನಡುವೆ ಅವಳು ಸುಮ್ಮನಾಗುತ್ತಿದ್ದಳು. ಆ ಕಡೆಯವರು ಮಾತು ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು. ಕಬ್ಬಿನ ಎಲೆ ಸರಸರ ಎನ್ನುತ್ತಿತ್ತು. ಆ ಕಡೆಯ ಮಾತು ಮುಗಿಯಲಿ ಎಂದು ನಾನೂ ಉಸಿರು ಬಿಗಿಹಿಡಿದು ಕಾಯುತ್ತಿದ್ದೇನೆ ಎಂದು ತಿಳಿದಾಗ ನನ್ನ ಮೇಲೇ ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಅವಳು "ಇಡತೀನ್ರಿ" ಎಂದು ಹೇಳಿ ಕಬ್ಬಿನಿಂದ ಹೊರಗೆ ಬಂದಳು. ನನ್ನನ್ನು ಕಂಡು, "ನಾ ಇಡತೀನಿ ಅಂದ್ರ ಬಾಯಿ ಮುಚ್ಚತಾಳ್ರಿ ಈಗ," ಎಂದಳು, ಏನೋ ಗೆದ್ದವಳಂತೆ.

ಸಾಹೇಬರಾಗಲಿ ನಾನಾಗಲಿ ಯೋಚಿಸದೆ ಇದ್ದದ್ದು ಒಂದೇ. ನಮ್ಮ ಕಡೆ, ತನ್ನಷ್ಟಕ್ಕೆ ತಾನು ಮಾತಾಡುವ ಸೊಸೆಯ ಮೇಲೆ ಬೀಳುವುದಕ್ಕಿಂತ ಹೆಚ್ಚು ಕಣ್ಣು, ಕಬ್ಬಿನ ಮರೆಗೆ ಹೋಗಿ ಫೋನಿನಲ್ಲಿ ಮಾತಾಡುವ ಸೊಸೆಯ ಮೇಲೆ ಬೀಳುತ್ತದೆ. ಅಕ್ಕಪಕ್ಕದವರು ಬಾಳಾಸಾಹೇಬನ ಕಿವಿ ಊದಿದರು. ಅವನು ಅವಳ ಫೋನು ತೆಗೆದು ನೋಡಿದ. ಬಂದ ಕರೆಯೂ ಇಲ್ಲ, ಹೋದ ಕರೆಯೂ ಇಲ್ಲ. ಅಳಿಸಿಹಾಕುತ್ತಾಳೆ ಎಂದುಕೊಂಡು ಸಿಮ್ ಕಿತ್ತಿಟ್ಟ. ಮರುದಿನ ಅವಳು ಅದೇ ಫೋನು ಕಿವಿಗೆ ಹಚ್ಚಿಕೊಂಡು ಹಿತ್ತಲಲ್ಲಿ ಮಾತಾಡುತ್ತಿದ್ದುದನ್ನು ಕಂಡು ಅವನ ಎದೆ ಒಡೆಯಿತು. ಎಲ್ಲೋ ಇನ್ನೊಂದು ಸಿಮ್ ಬಚ್ಚಿಟ್ಟಿದ್ದಾಳೆ ಎಂದು ಹಿರಿಯರನ್ನು ಕೂಡಿಸಿದ. ಅವಳ ಅಣ್ಣ ಅಳುತ್ತ ನನಗೆ ಫೋನು ಮಾಡಿದ. ಕಾಗವಾಡದ ಕೆಲಸ ಬಿಟ್ಟು ಓಡಿದೆ.

ಪಡಸಾಲೆಯಲ್ಲಿ ಜಮಖಾನ ಹಾಸಿ ಹಿರಿಯರು ಕುಳಿತಿದ್ದರು. ನಡುವೆ ಸುರೇಖಾಳ ಫೋನು, ಅದರ ಪಕ್ಕದಲ್ಲಿ ಕಿತ್ತ ಸಿಮ್. ಬಾಳಾಸಾಹೇಬನ ಕಾಕಾ ಆ ಮನೆಗೆ ದೊಡ್ಡವರು, ಅವರೇ ಕೇಳಿದರು, "ಯಾರ ಕೂಡ ಮಾತಾಡತಿ, ಹೇಳವಾ. ಹೆಸರ ಹೇಳಿಬಿಡು."

ಕಾಯಿಲೆ ಎಂದರೆ ಮಗಳು ಹೋಗುತ್ತಾಳೆ. ಸುಮ್ಮನಿದ್ದರೆ ಮಾನವೂ ಹೋಗುತ್ತದೆ, ಮಗಳೂ ಹೋಗುತ್ತಾಳೆ. ನಾನು ಬಾಯಿ ತೆರೆದೆ. ಬೇಡ ಎಂದು ಸುರೇಖಾ ಕಣ್ಣಲ್ಲೇ ತಡೆದಳು. ಫೋನು ಎತ್ತಿ ಕಿವಿಗೆ ಹಚ್ಚಿಕೊಂಡಳು.

"ಆಯಿ, ಕಾಕಾ ಕೇಳಾಕತ್ತಾರ್ರಿ," ಎಂದಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಅವಳ ಗಂಟಲಿನಿಂದ ಮುದುಕಿಯೊಬ್ಬಳ ಒಡಕು ದನಿ ಹೊರಟಿತು. "ಏ ಬಾಬ್ಯಾ! ನನ್ನ ಸೊಸಿ ಮ್ಯಾಲೆ ಬೊಟ್ಟ ಮಾಡತಿ? ನಿನ್ನ ಎತ್ತಿ ಆಡಿಸಿದಾಕಿ ನಾ. ನನ್ನ ಕೂಡ ಮಾತಾಡತಾಳ ಆಕಿ. ಏನೀಗ?"

ಕಾಕಾ ಅವರನ್ನು ಬಾಬ್ಯಾ ಎನ್ನುತ್ತಿದ್ದವಳು ಅವರ ಅತ್ತಿಗೆಯಾದ ಆಯಿ ಒಬ್ಬಳೇ. ಅವರ ಹೆಗಲಿನ ಟವೆಲು ಜಾರಿತು. "ವೈನೀ," ಎಂದು ಎರಡೂ ಕೈ ಜೋಡಿಸಿದರು. ಬಾಳಾಸಾಹೇಬ ಹೆಂಡತಿಯ ಕಾಲ ಮೇಲೆ ಬಿದ್ದ. ಮದುವೆಯಾಗಿ ಬಂದಾಗಿನಿಂದ ಹಗಲೂ ರಾತ್ರಿ ಅತ್ತೆಯ ಮಾತು ಕೇಳಿದ ಸೊಸೆಗೆ ಆ ಹೆಸರು, ಆ ದನಿ, ಆ ಗತ್ತು ಎಲ್ಲ ಗೊತ್ತಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆದರೂ ಆ ದನಿ ಬಂದಾಗ ನಾನೂ ಎದ್ದು ನಿಂತಿದ್ದೆ.

ಹೀಗೆ ಅವಳ ಮಾನ ಉಳಿಯಿತು, ಮಗಳೂ ಉಳಿದಳು. ಉಳಿಯದೆ ಹೋದದ್ದು ಗುಳಿಗೆ. ಮೈಮೇಲೆ ಬರುವವರು ನಮ್ಮ ಊರುಗಳಿಗೆ ಹೊಸಬರಲ್ಲ. ಫೋನಿನಲ್ಲಿ ಬರುವುದು ಮಾತ್ರ ಹೊಸತು. ಅವಳ ಫೋನನ್ನು ದೇವರ ಮುಂದೆ ಇಟ್ಟು ಕುಂಕುಮ, ಭಂಡಾರದ ಅರಿಶಿನ ಹಚ್ಚಿದರು. ಅಮಾವಾಸ್ಯೆಗೆ ಹೆಂಗಸರು ತೆಂಗಿನಕಾಯಿ ಹಿಡಿದು ಬರತೊಡಗಿದರು. ಒಬ್ಬಳಿಗೆ ತಾಯಿಯ ಜೊತೆ, ಇನ್ನೊಬ್ಬಳಿಗೆ ಗಂಡನ ಜೊತೆ ಮಾತಾಡಬೇಕು. ಸುರೇಖಾ ಆಯಿಯನ್ನು ಕೇಳುತ್ತಾಳೆ, ಆಯಿ ಅಲ್ಲಿದ್ದವರನ್ನು ಕೇಳಿ ಹೇಳುತ್ತಾಳೆ. ಗುಳಿಗೆ ನುಂಗಿದರೆ ಆಯಿಯ ದನಿ ಸಣ್ಣದಾಗುತ್ತದೆ ಎಂದು ಗೊತ್ತಾದದ್ದೇ, ಬಾಳಾಸಾಹೇಬ ಗುಳಿಗೆಯನ್ನೂ ನಿಲ್ಲಿಸಿದ, ಆ್ಯಪಿನ ಗಂಟೆಯನ್ನೂ ನಿಲ್ಲಿಸಿದ. ನಾನು ಹೋಗಿ ಎಷ್ಟು ಹೇಳಿದರೂ, "ತಲಿಬ್ಯಾನಿ ಆರಾಮ ಆಗೇತ್ರಿ, ಬಾಯಾರ," ಎಂದು ಅಂಗಳದಿಂದಲೇ ಕಳಿಸಿದ. ಎಲ್ಲರ ಊಟ ಮುಗಿದ ಮೇಲೆ ಉಣ್ಣುತ್ತಿದ್ದ ಸೊಸೆ ಈಗ ಮಣೆಯ ಮೇಲೆ ಕುಳಿತಿದ್ದಳು. ಮುಖದಲ್ಲಿ ಕಳೆಯಿತ್ತು. ಅವಳಿಗೂ ಅದು ಹಿತವಾಗಿತ್ತು ಎಂದು ನನಗೆ ಅನ್ನಿಸಿತು, ಅದರಿಂದ ಇನ್ನೂ ಹೆದರಿಕೆಯಾಯಿತು.

ಬಹಳ ದಿನ ಅವಳ ಫೋನಿನಿಂದ ಏನೂ ಬರಲಿಲ್ಲ. ಒಂದು ಬೆಳಿಗ್ಗೆ ಬಂತು, ಅಳುವ ಮುಖ. ಸ್ವಲ್ಪ ಹೊತ್ತಿಗೆ ಮತ್ತೊಂದು, ಮತ್ತೆ ಮತ್ತೊಂದು. ಸಿಮ್ ಇಲ್ಲದ ಫೋನಿನಿಂದ ಇದು ಹೇಗೆ ಬರುತ್ತಿದೆ ಎಂದು ನಾನು ಪರದೆ ನೋಡುತ್ತಲೇ ಕುಳಿತೆ. ಗಂಡನ ಫೋನಿನ ಹಾಟ್‌ಸ್ಪಾಟ್ ಹಿಡಿದಿರಬೇಕು ಎಂದರು ಸಾಹೇಬರು. ಆದರೆ ಅವರ ಮುಖದ ಮೇಲೂ ರಕ್ತವಿರಲಿಲ್ಲ. "ನೀವ ಮುಂದ ಹೋಗ್ರಿ ಸಿಸ್ಟರ್, ಓಪಿಡಿ ಮುಗಿಸಿ ನಾ ಬಂದೆ," ಎಂದರು. ಅವತ್ತು ಅಮಾವಾಸ್ಯೆ.

ಮಟಮಟ ಮಧ್ಯಾಹ್ನ ತೋಟ ಮುಟ್ಟಿದೆ. ಅಂಗಳದ ತುಂಬ ಹೆಂಗಸರು. ಸತ್ತ ಮಗನ ಸುದ್ದಿ ಕೇಳಲು ಬಳೆ ವ್ಯಾಪಾರದ ಹಸೀನಾಬಿಯೂ ಬಂದು ಕುಳಿತಿದ್ದಳು. ನಾನೂ ಒಂದು ತೆಂಗಿನಕಾಯಿ ಹಿಡಿದು ಸಾಲಿನಲ್ಲಿ ಕುಳಿತೆ. ನನ್ನ ಸರದಿ ಬಂದಾಗ ಸುರೇಖಾಳನ್ನು ಹತ್ತಿರದಿಂದ ನೋಡಿದೆ. ಕಣ್ಣು ಗುಳಿ ಬಿದ್ದಿದ್ದವು. ಫೋನನ್ನು ಕಿವಿಗೆ ಎಷ್ಟು ಒತ್ತಿ ಹಿಡಿದಿದ್ದಳೆಂದರೆ ಕಿವಿ ಕೆಂಪೇರಿತ್ತು.

"ಸಿಸ್ಟರ್," ಎಂದು ತುಟಿ ಅಲುಗಿಸದೆ ಹೇಳಿದಳು. "ಆಯಿ ಶ್ರಾವಣೀನ ಕೇಳಾಕತ್ತಾಳ್ರಿ. ನದಿಗೆ ಕರ್ಕೊಂಡ ಬಾ, ನನಗ ಒಬ್ಬಾಕಿಗೆ ಬ್ಯಾಸರ ಅಂತಾಳ. ಇಡತೀನಿ ಅಂದ್ರ ನಗತಾಳ. ನಿನ್ನಿ ಹುಡಿಗಿ ಕೈ ಹಿಡಕೊಂಡ ಹಾದೀತನ ಹೋಗಿದ್ನಿ. ಹೆಂಗ ತಿರಗಿ ಬಂದ್ನೋ ಗೊತ್ತಿಲ್ಲ."

ನಾನು ಬಾಳಾಸಾಹೇಬನನ್ನು ಪಕ್ಕಕ್ಕೆ ಕರೆದೆ. ಇನ್ನು ಮುಚ್ಚಿಡುವಂತಿರಲಿಲ್ಲ. ಇದು ಕಾಯಿಲೆ, ಇವತ್ತೇ ಗುಳಿಗೆ ಶುರುವಾಗಬೇಕು, ಅಲ್ಲಿಯವರೆಗೆ ಮಗುವನ್ನು ಬೇರೆ ಕಡೆ ಇಡಬೇಕು ಎಂದೆ. ಅವನು ಮುಗ್ಧನಂತೆ ನನ್ನನ್ನೇ ನೋಡಿದ. "ಆಯಿ ಮೊಮ್ಮಗಳಿಗೆ ಕೆಟ್ಟದ್ದ ಮಾಡತಾಳೇನ್ರಿ, ಬಾಯಾರ?" ಎಂದ. ಕಾಕಾ, "ದವಾಖಾನಿ ಮಾತ ದವಾಖಾನ್ಯಾಗ ಇರ್ಲಿ," ಎಂದು ನನಗೆ ಬಾಗಿಲು ತೋರಿಸಿದರು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಬಾಗಿಲ ಬಳಿ ಶ್ರಾವಣಿ ಹೊಸ ಲಂಗ ಹಾಕಿಕೊಂಡು ಕೊಬ್ಬರಿ ತಿನ್ನುತ್ತಿದ್ದಳು.

ಆಗ ಮಣೆಯ ಮೇಲಿನಿಂದ ಆ ಒಡಕು ದನಿ ಎದ್ದಿತು. "ಏ ಬಾಳ್ಯಾ!"

ಅಂಗಳದ ಹೆಂಗಸರೆಲ್ಲ ಆ ಕಡೆ ತಿರುಗಿದರು.

"ಸೊಸಿ ಗುಳಿಗಿ ಯಾಕ ನಿಲ್ಲಿಸಿದಿ? ಯಾರನ್ನ ಕೇಳಿ ನಿಲ್ಲಿಸಿದಿ? ಸಿಸ್ಟರ್ ಕೈಯಾಗಿಂದ ಈಗಿಂದೀಗ ಕೊಡ. ಹುಡಿಗೀನ ಇವತ್ತ ಅವರ ಮಾಮಾನ ಮನಿಗೆ ಕಳಸ. ನನ್ನ ಕೆಲಸ ಮುಗೀತು. ಇನ್ನ ಈ ಫೋನಿಗೆ ಯಾರೂ ನನ್ನ ಕರೀಬ್ಯಾಡ್ರಿ. ಕರದ್ರ ಕರದವರ ಮನಿ ಹಾಳ!"

ಹೆಂಗಸರು ನೆಲಕ್ಕೆ ಹಣೆ ಹಚ್ಚಿದರು. ಕಾಕಾ ಗಲ್ಲ ಗಲ್ಲ ಬಡಿದುಕೊಂಡರು. ಬಾಳಾಸಾಹೇಬ ನೀರು ತರಲು ಅಡುಗೆಮನೆಗೆ ಓಡಿದ. ಯಾರೋ ಶ್ರಾವಣಿಯನ್ನು ಎತ್ತಿಕೊಂಡು ಹೊರಗೆ ಹೋದರು. ನಾನು ಮಣೆಯ ಹತ್ತಿರ ಕುಳಿತು ಚೀಲದಿಂದ ಗುಳಿಗೆಯ ಸ್ಟ್ರಿಪ್ ತೆಗೆಯುತ್ತ, "ಆಯಿ ಕಡೀಕ ಒಳ್ಳೇ ಮಾತ ಹೇಳಿದ್ಲಲ್ಲ ತಂಗಿ," ಎಂದೆ. ಅವಳಿಗೆ ಧೈರ್ಯವಾಗಲಿ ಎಂದು ಹೇಳಿದ ಮಾತು ಅದು.

ಸುರೇಖಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಅಂಗೈ ನೀರಿನಲ್ಲಿ ಅದ್ದಿದಂತಿತ್ತು.

"ಆಯಿ ಎಲ್ಲಿ ಹೇಳಿದ್ಲ್ರಿ?" ಎಂದು ಪಿಸುಗುಟ್ಟಿದಳು. "ಆಕಿ ಕಿವ್ಯಾಗ ನದಿಗೆ ಬಾ, ನದಿಗೆ ಬಾ ಅಂತ ಒದರಾಕತ್ತಿದ್ಲು. ಆಕಿ ದನಿ ತಗದ ನಾನ ಹೇಳೇನ್ರಿ. ಈಗ ನನ್ನ ದನಿ ಕದ್ದಿ ಅಂತ ಬಾಜೂಕ ಬಂದ ಕುಂತಾಳ. ಲಗೂನ ಕೊಡ್ರಿ ಸಿಸ್ಟರ್, ಇನ್ನ ತಡಿಯಾಕ ಆಗವಲ್ದು."

ಬಾಳಾಸಾಹೇಬ ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ತಾಯಿಗೆ ಕೊಡುವಂತೆ ಅವಳ ಮುಂದೆ ಬಾಗಿ ನಿಂತ. ಅವಳು ಗುಳಿಗೆಯನ್ನು ನಾಲಿಗೆಯ ಮೇಲಿಟ್ಟುಕೊಂಡು, ಗಟಗಟ ನೀರು ಕುಡಿದಳು.